ಕಡಲ ಚಿತ್ರದಲ್ಲಿ ದಿಗಂತದ ಗೆರೆ ಎಲ್ಲಿ? ಘಟ್ಟದ ಮೇಲಿನವರಿಗೊಂದು ಟಿಪ್ಪಣಿ

ಶಿವಮೊಗ್ಗದ ನಮ್ಮ ಸಂಜೆ ಕ್ಲಾಸಿನಲ್ಲಿ ಈಗ ಕಡಲ ಚಿತ್ರದ ಪಾಠ ನಡೆಯುತ್ತಿದೆ. ಜಲವರ್ಣದ ಪೇಪರ್, ಬ್ರಶ್, ವಾಶ್ (ನೀರು ಬೆರೆಸಿದ ತೆಳು ಬಣ್ಣ) ಹಾಕುವುದು ಇದೆಲ್ಲ ನಿಮಗೆ ಗೊತ್ತಿರುವುದೇ, ಬಿಟ್ಟುಬಿಡುತ್ತೇನೆ. ನನ್ನ ತಲೆ ತಿಂದದ್ದು ಒಂದೇ ಒಂದು ಗೆರೆ, ನೀರು ಮತ್ತು ಆಕಾಶ ಸೇರುವ ಗೆರೆ. ಈಗಷ್ಟೇ ತಲೆಗೆ ಹತ್ತಿದೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ನಮ್ಮ ಕಡೆಯವರಿಗೆ ಈ ತಲೆಬಿಸಿ ಜಾಸ್ತಿ. ತೀರ್ಥಹಳ್ಳಿ, ಹೊಸನಗರ, ಸಾಗರ, ಎಲ್ಲಿ ಕೂತು ಚಿತ್ರ ಬಿಡಿಸಿದರೂ ಗುಡ್ಡವೋ ಅಡಿಕೆ ತೋಟವೋ ಅಡ್ಡ ಇರುತ್ತದೆ. ನಿಜವಾದ ದಿಗಂತ ಕಣ್ಣಿಗೆ ಬೀಳುವುದೇ ಇಲ್ಲ. ಗುಡ್ಡದ ನೆತ್ತಿಯನ್ನೇ ದಿಗಂತ ಅಂದುಕೊಂಡು ಕೆಲಸ ಸಾಗಿಸುತ್ತೇವೆ. ಆ ಗೆರೆ ಎರಡು ಬೆರಳು ಮೇಲೆ ಹೋದರೂ ಕೇಳುವವರಿಲ್ಲ, ಗುಡ್ಡ ಸ್ವಲ್ಪ ದೊಡ್ಡದಾಯಿತು ಅಷ್ಟೆ. ಕಡಲಲ್ಲಿ ಆ ರಿಯಾಯಿತಿ ಸಿಗುವುದಿಲ್ಲ.

ಗೆರೆ ಇರುವುದು ಕಣ್ಣಿನ ಮಟ್ಟದಲ್ಲಿ

ನಿಯಮ ಚಿಕ್ಕದು. ದಿಗಂತದ ಗೆರೆ ಯಾವಾಗಲೂ ನೋಡುವವರ ಕಣ್ಣಿನ ಮಟ್ಟದಲ್ಲಿರುತ್ತದೆ. ನೀವು ಕೂತರೆ ಅದೂ ಇಳಿಯುತ್ತದೆ, ಎದ್ದರೆ ಅದೂ ಏರುತ್ತದೆ. ಬರೀ ನೀರನ್ನು ನೋಡುತ್ತಿದ್ದರೆ ಇದು ಗೊತ್ತಾಗುವುದಿಲ್ಲ. ನಮಗೂ ದಿಗಂತಕ್ಕೂ ನಡುವೆ ಇರುವ ವಸ್ತುಗಳನ್ನು ಗೆರೆ ಎಲ್ಲಿ ಕತ್ತರಿಸುತ್ತದೆ ಎಂದು ನೋಡಬೇಕು.

ಮರವಂತೆಯ ಮರಳಿನ ಮೇಲೆ ನಿಂತಿದ್ದೀರಿ ಎಂದುಕೊಳ್ಳಿ. ನಿಮ್ಮಷ್ಟೇ ಎತ್ತರದ ಗೆಳತಿ ಹತ್ತು ಮೀಟರ್ ದೂರದಲ್ಲಿದ್ದಾಳೆ. ದಿಗಂತದ ಗೆರೆ ಅವಳ ಕಣ್ಣಿನ ಮೇಲೇ ಹಾದುಹೋಗುತ್ತದೆ. ಅವಳು ನೂರು ಮೀಟರ್ ದೂರ ಹೋಗಲಿ, ಆಗಲೂ ಅವಳ ಕಣ್ಣು ಅದೇ ಗೆರೆಯ ಮೇಲೆ. ಬದಲಾಗುವುದು ಕಾಲು ಮಾತ್ರ. ಹತ್ತಿರ ಇದ್ದಾಗ ಕಾಲು ಕಾಗದದ ಕೆಳಗಡೆ ಇರುತ್ತದೆ, ದೂರ ಹೋದಂತೆ ಗೆರೆಯ ಕಡೆಗೆ ಏರುತ್ತದೆ. ಈಗ ಮರಳಿನ ಮೇಲೆ ಕೂತು ನೋಡಿ. ನಿಂತಿರುವ ಅವಳನ್ನು ಗೆರೆ ಸೊಂಟದ ಹತ್ತಿರ ಕತ್ತರಿಸುತ್ತದೆ. ತೆಂಗಿನ ಮರಗಳಿದ್ದರೂ ಹೀಗೇ. ನೆಲ ಸಮವಾಗಿದ್ದರೆ, ಹತ್ತಿರದ್ದಿರಲಿ ದೂರದ್ದಿರಲಿ, ಪ್ರತಿ ಮರದಲ್ಲೂ ಗೆರೆ ಬುಡದಿಂದ ನಿಮ್ಮ ಕಣ್ಣಿನಷ್ಟೇ ಎತ್ತರದಲ್ಲಿ ಹಾಯುತ್ತದೆ. ತಲೆ ಗೆರೆಗಿಂತ ಮೇಲಿದ್ದರೆ ಆ ವಸ್ತು ನಿಮ್ಮ ಕಣ್ಣಿಗಿಂತ ಎತ್ತರ, ಕೆಳಗಿದ್ದರೆ ಗಿಡ್ಡ. ಇಷ್ಟೇ.

ಇದರಿಂದ ಒಂದು ಸುಲಭದ ದಾರಿ ಸಿಗುತ್ತದೆ, ನನಗಂತೂ ಬಹಳ ಇಷ್ಟವಾದದ್ದು. ಮನುಷ್ಯರನ್ನು ಕಾಲಿನಿಂದ ಬಿಡಿಸಲು ಹೋಗಬೇಡಿ. ಮೊದಲು ಗೆರೆ ಎಳೆಯಿರಿ. ಅದರ ಮೇಲೆ ತಲೆಗಳನ್ನು ಚುಕ್ಕೆಯಾಗಿ ಇಡಿ. ಆಮೇಲೆ ಮೈಯನ್ನು ಕೆಳಕ್ಕೆ ಇಳಿಬಿಡಿ, ಹತ್ತಿರದವರಿಗೆ ಉದ್ದ, ದೂರದವರಿಗೆ ಗಿಡ್ಡ. ಜಾತ್ರೆಯಷ್ಟು ಜನ ತುಂಬಿದರೂ ಎಲ್ಲರೂ ಒಂದೇ ಮರಳಿನ ಮೇಲೆ ನಿಂತಂತೆ ಕಾಣುತ್ತಾರೆ. ಬೀಚು ಇಳಿಜಾರಾಗಿದ್ದರೆ ಮಾತ್ರ ಹುಷಾರು. ನೀರಿನ ಅಂಚಿನಲ್ಲಿರುವವರು ನಿಮಗಿಂತ ಕೆಳಗೆ ನಿಂತಿರುತ್ತಾರೆ, ಅವರ ತಲೆ ಗೆರೆಗಿಂತ ಸ್ವಲ್ಪ ಕೆಳಗೆ ಬರಬೇಕು.

ಸಿಕ್ಕು ಇದ್ದದ್ದು ಇಲ್ಲಿ. ಗೆರೆಯನ್ನು ಕಾಗದದ ನಟ್ಟನಡುವೆ ಎಳೆಯಬೇಡಿ, ಮೂರನೇ ಒಂದು ಭಾಗಕ್ಕೆ ಎಳೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ಅಂದರೆ ಗೆರೆ ನಮ್ಮ ಇಷ್ಟದಂತೆ ಮೇಲೆ ಕೆಳಗೆ ಹೋಗಬಹುದು ಅಲ್ವಾ? ಹಾಗಿದ್ದರೆ ಕಣ್ಣಿನ ಮಟ್ಟದ ನಿಯಮ ಎಲ್ಲಿ ಹೋಯಿತು? ಉತ್ತರ ಇಷ್ಟು: ಕಾಗದದಲ್ಲಿ ಗೆರೆ ಎಲ್ಲಿದೆ ಎಂಬುದು ಒಂದು ಪ್ರಶ್ನೆ, ಅದು ವಸ್ತುಗಳನ್ನು ಎಲ್ಲಿ ಕತ್ತರಿಸುತ್ತದೆ ಎಂಬುದು ಇನ್ನೊಂದು. ಮೊದಲನೆಯದು ನಮ್ಮ ಕೈಯಲ್ಲಿದೆ, ಆಕಾಶ ಎಷ್ಟು ಬೇಕು ಮರಳು ಎಷ್ಟು ಬೇಕು ಎಂದು ನಾವೇ ತೀರ್ಮಾನಿಸಬಹುದು. ಎರಡನೆಯದು ನಾವು ನಿಂತ ಜಾಗದ ಕೈಯಲ್ಲಿದೆ.

ರಟ್ಟಿನಲ್ಲಿ ಒಂದು ಚೌಕಟ್ಟು ಕತ್ತರಿಸಿ ಅದರೊಳಗಿಂದ ನೋಡಿ. ಚೌಕಟ್ಟನ್ನು ಕೆಳಗೆ ಜಗ್ಗಿದರೆ ಗೆರೆ ಅದರ ಮೇಲಂಚಿಗೆ ಹೋಗುತ್ತದೆ. ಆದರೆ ಗೆಳತಿಯ ಕಣ್ಣೂ ಗೆರೆಯ ಜೊತೆಗೇ ಮೇಲೆ ಹೋಗಿರುತ್ತದೆ, ಗೆರೆ ಬಿಟ್ಟು ಕದಲಿರುವುದಿಲ್ಲ. ಹಾಗಾಗಿ ಬಿಡಿಸಿದ ಮೇಲೆ ಬರೀ ಗೆರೆಯನ್ನು ಅಳಿಸಿ ಮೇಲಕ್ಕೆ ಎಳೆದರೆ ಚಿತ್ರ ಕೆಡುತ್ತದೆ. ಅಲ್ಲಿದ್ದ ಜನರೆಲ್ಲ ಏಕಾಏಕಿ ಕುಳ್ಳರಾಗುತ್ತಾರೆ, ನೋಡುವವರು ಮರದ ಮೇಲೆ ಹತ್ತಿ ಕೂತಂತಾಗುತ್ತದೆ. ಗೆರೆ ಸರಿಸಿದರೆ ಎಲ್ಲವನ್ನೂ ಸರಿಸಿ.

ಜಪಾನಿನ ಹೊಕುಸಾಯ್ 1831ರ ಸುಮಾರಿಗೆ ಮಾಡಿದ ದೊಡ್ಡ ಅಲೆಯ ಮರದಚ್ಚಿನ ಚಿತ್ರ ನೋಡಿದ್ದೀರಲ್ಲ. ಅಲೆಯ ಹಿಂದೆ, ದೂರದಲ್ಲಿ ಫ್ಯೂಜಿ ಪರ್ವತ ಪುಟ್ಟದಾಗಿ ಕೂತಿದೆ. ನೋಡುವವರ ಕಣ್ಣನ್ನು ನೀರಿನ ಹತ್ತಿರಕ್ಕೆ ಇಳಿಸಿದ್ದರಿಂದಲೇ ಅಲೆ ಅಷ್ಟು ಎತ್ತರಕ್ಕೆ ಎದ್ದಿದೆ.

ಆಗುಂಬೆಯಿಂದ ಕಡಲು

ದಿಗಂತ ಎಷ್ಟು ದೂರ ಎಂದು ಲೆಕ್ಕ ಹಾಕಬಹುದು. ಕಣ್ಣಿನ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ಕಿಲೋಮೀಟರ್ ಬರುತ್ತದೆ. ಬೀಚಿನಲ್ಲಿ ನಿಂತವರಿಗೆ ದಿಗಂತ ಸುಮಾರು ನಾಲ್ಕೂವರೆ ಕಿಲೋಮೀಟರ್, ಅಷ್ಟೇ. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಮೇಲಿದೆ, ಅಲ್ಲಿಂದ ಸುಮಾರು 90 ಕಿಲೋಮೀಟರ್. ಕರಾವಳಿ ನೇರ ಅಳತೆಯಲ್ಲಿ ಅದರ ಅರ್ಧ ದೂರದಲ್ಲಿದೆ. ಹಾಗಾಗಿ ಮಂಜು ಮುಸುಕು ಇಲ್ಲದ ಸಂಜೆ ಸೂರ್ಯಾಸ್ತದ ಜಾಗದಿಂದ ಕಡಲು ಕಾಣಲೇಬೇಕು.

ಆದರೆ ಎಷ್ಟು ಕಾಣುತ್ತದೆ? ಆಗುಂಬೆಯ ಚಿತ್ರ ಬಿಡಿಸುವವರು ಕಾಗದದ ಕಾಲುಭಾಗ ಕಡಲಿಗೇ ಕೊಡುತ್ತಾರೆ. ಲೆಕ್ಕ ಹಾಕಿದರೆ ದಡದಿಂದ ದಿಗಂತದವರೆಗಿನ ನೀರು ಕಾಲು ಡಿಗ್ರಿಯೂ ಸರಿಯಾಗಿ ಬರುವುದಿಲ್ಲ. ಕೈ ಚಾಚಿ ಪೆನ್ಸಿಲನ್ನು ಅಡ್ಡ ಹಿಡಿದರೆ ಅದರ ಅರ್ಧ ದಪ್ಪದೊಳಗೆ ಇಡೀ ಕಡಲು ಮುಗಿಯಿತು. ಕೊಡಚಾದ್ರಿಯ ಕಥೆ ಬೇರೆ. ಅದು 1343 ಮೀಟರ್ ಎತ್ತರ, ದಡಕ್ಕೂ ಹತ್ತಿರ. ಅಲ್ಲಿಂದ ಕಡಲಿನ ಪಟ್ಟಿ ಚಾಚಿದ ಕೈಯ ಹೆಬ್ಬೆರಳಿನಷ್ಟು ಅಗಲ ಬರುತ್ತದೆ.

ಎರಡೂ ಕಡೆ ಕಡಲನ್ನು ಕಾಲ ಕೆಳಗಿನ ಕಣಿವೆಯಲ್ಲಿ ಇಡಬೇಡಿ. ಅಷ್ಟು ಎತ್ತರದಿಂದಲೂ ದಿಗಂತ ಕಣ್ಣಿನ ಮಟ್ಟದಿಂದ ಇಳಿಯುವುದು ಒಂದು ಡಿಗ್ರಿಯ ಆಸುಪಾಸು. ಕೆಳಗೆ ಹೋಗುವುದು ಹತ್ತಿರದ ಕಾಡು, ತೋಟ, ಊರು. ಕಡಲು ಅವೆಲ್ಲದರ ಮೇಲೆ, ಹೆಚ್ಚುಕಡಿಮೆ ನಿಮ್ಮ ಮುಖದ ನೇರಕ್ಕೇ ಬರುತ್ತದೆ.

ನೀರಿಗೆ ಯಾವ ಬಣ್ಣ

ನಮ್ಮ ಹಳೇ ಮನೆಗಳ ಕೆಂಪು ಕಾವಿ ನೆಲ ನೆನಪಿಸಿಕೊಳ್ಳಿ. ಕಾಲಬುಡದಲ್ಲಿ ನೋಡಿದರೆ ಕೆಂಪು, ದೂರದ ಬಾಗಿಲ ಕಡೆ ನೋಡಿದರೆ ಬರೀ ಬೆಳಕಿನ ಹೊಳಪು. ಕಡಲೂ ಹೀಗೇ. ಹತ್ತಿರದ ನೀರಿನೊಳಗೆ ಕಣ್ಣು ಇಳಿಯುತ್ತದೆ, ಮರಳಿನ ಕಂದು ಹಸಿರು ಸೇರಿ ಕಾಣುತ್ತದೆ. ದೂರದ ನೀರು ಆಕಾಶವನ್ನು ತೋರಿಸುತ್ತದೆ. ಆದರೆ ಗೆರೆಯ ಪಕ್ಕದ ಮಸುಕು ಆಕಾಶವನ್ನಲ್ಲ. ಅಲೆಗಳ ಮುಖ ನಮ್ಮ ಕಡೆ ವಾಲಿರುವುದರಿಂದ ಇನ್ನೂ ಮೇಲಿನ, ಗಾಢ ಆಕಾಶ ಅದರಲ್ಲಿ ಬೀಳುತ್ತದೆ. ಅದಕ್ಕೇ ಗೆರೆಯ ಹತ್ತಿರ ನೀರು ಸಾಮಾನ್ಯವಾಗಿ ಆಕಾಶಕ್ಕಿಂತ ಒಂದು ಮೆಟ್ಟಿಲು ಗಾಢ. ದೂರದ ಗುಡ್ಡವನ್ನು ತೆಳು ಮಾಡಿ ಅಭ್ಯಾಸವಾದ ಕೈ ದೂರದ ನೀರನ್ನೂ ತೆಳು ಮಾಡಲು ಹೋಗುತ್ತದೆ, ತಡೆಯಿರಿ.

ಮಳೆಗಾಲದ ಕಡಲಿಗೆ ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬೆರೆಸಿದ ಬೂದು ಸಾಕು. ಅಳಿವೆಯ ಹತ್ತಿರ ಸಿಯೆನ್ನಾ ಜಾಸ್ತಿ ಹಾಕಿ. ಶರಾವತಿ ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಹೊಳೆಗಳು ಕೆಂಪಾಗಿ ಹರಿಯುವ ದಿನಗಳಲ್ಲಿ ಅಲ್ಲಿ ಬೆರೆಯುವುದು ನಮ್ಮ ಮಣ್ಣೇ.

ಉಳಿದದ್ದು ಚುಟುಕಾಗಿ

ನಮ್ಮ ಕರಾವಳಿ ಪಶ್ಚಿಮಕ್ಕಿದೆ. ಬೆಳಿಗ್ಗೆ ಬೆಳಕು ಬೆನ್ನ ಹಿಂದಿನಿಂದ ಬರುತ್ತದೆ, ದೋಣಿಯ ಬಣ್ಣ ಕಾಣುತ್ತದೆ. ಸಂಜೆ ದೋಣಿ ಬರೀ ಕಪ್ಪು ಆಕಾರ. ಮೊದಲೇ ಯಾವುದು ಬೇಕು ಎಂದು ತೀರ್ಮಾನಿಸಿ ಹೊರಡಿ.

ಅಲೆಗಳ ಸಾಲು ಗೆರೆಯ ಹತ್ತಿರ ಒತ್ತೊತ್ತಾಗಿ, ಕಾಲ ಹತ್ತಿರ ದೂರದೂರ. ಗೆರೆಯನ್ನು ಮಾತ್ರ ಸ್ಕೇಲಿಟ್ಟೇ ಎಳೆಯಿರಿ. "ಕಡಲು ಓರೆ ಆದ್ರೆ ನೀರು ಚೆಲ್ಲತ್ತೆ ಮಾರಾಯ್ರೇ" ಅಂತ ನಮ್ಮ ಮೇಷ್ಟ್ರು ಸುಮ್ನೆ ಹೇಳುವುದಲ್ಲ.

ರೇಖೆ ಕಲಿಯಲು ಚಿತ್ರಕಾರ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿ. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದವರು. ಕೈ ಎತ್ತದೆ ಓಡುವಂಥ ಅವರ ಗೆರೆಯನ್ನು ಮರಳ ಮೇಲಿನ ನೊರೆಯ ಅಂಚಿಗೆ ಹಚ್ಚಿ ನೋಡಿ, ಕೈ ಸಡಿಲಾಗುತ್ತದೆ.

ನೊರೆಗೆ ಬಿಳಿ ಬಣ್ಣ ಬಳಿಯುವುದಕ್ಕಿಂತ ಕಾಗದದ ಬಿಳಿ ಉಳಿಸುವುದೇ ಚೆಂದ. ಬಣ್ಣ ತಾಗದಂತೆ ಹಚ್ಚುವ ದುಬಾರಿ ಮಾಸ್ಕಿಂಗ್ ದ್ರವ ಬೇಕಿಲ್ಲ, ಕರೆಂಟ್ ಹೋದಾಗ ಹಚ್ಚುವ ಮೇಣದಬತ್ತಿಯ ತುಂಡನ್ನು ಒರಟು ಪೇಪರಿನ ಮೇಲೆ ಉಜ್ಜಿ ವಾಶ್ ಹಾಕಿ. ಮೇಣ ಇದ್ದಲ್ಲಿ ಬಣ್ಣ ಹಿಡಿಯುವುದಿಲ್ಲ. ಆದರೆ ಒಮ್ಮೆ ಉಜ್ಜಿದ ಮೇಣ ತೆಗೆಯಲು ಬರುವುದಿಲ್ಲ, ಆ ಜಾಗಕ್ಕೆ ಆಮೇಲೆ ಬಣ್ಣ ಬೇಕಾದರೆ ಕಷ್ಟ. ಮೊದಲು ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡೇ ಉಜ್ಜಿ.