ಹಳೆ ಟ್ರಕ್ಕಿಗೆ ವಿ8 ಎಂಜಿನ್: ಬಿಸಿ ಏರುವುದು ಯಾವಾಗ?

ಅಮೆರಿಕದಲ್ಲಿ ಹಳೆ ಪಿಕಪ್ ಟ್ರಕ್ಕುಗಳ ಹುಚ್ಚು ಹಿಡಿದವರಿಗೆ ತುಂಬ ಇಷ್ಟವಾದ ಜೋಡಿಯೊಂದಿದೆ. 1947ರಿಂದ 1955ರವರೆಗೆ ಬಂದ ಶೆವ್ರೊಲೆ 3100ರ ಗುಂಡಗಿನ ಮೈ, ಒಳಗೆ ಅದೇ ಕಂಪನಿಯ 350 ವಿ8 ಎಂಜಿನ್, ಅಂದರೆ ವಿ ಆಕಾರದಲ್ಲಿ ಎಂಟು ಸಿಲಿಂಡರ್ ಇರುವ 350 ಘನ ಇಂಚಿನ ಎಂಜಿನ್. ಹೆಚ್ಚಿನ ಟ್ರಕ್ಕುಗಳಲ್ಲಿ ಮೊದಲಿದ್ದದ್ದು 216 ಘನ ಇಂಚಿನ, ಅಂದರೆ ಸುಮಾರು 3.5 ಲೀಟರಿನ ಆರು ಸಿಲಿಂಡರ್ ಎಂಜಿನ್. ಶಕ್ತಿ 90 ಹಾರ್ಸ್‌ಪವರ್ ಆಸುಪಾಸು. 1967ರಲ್ಲಿ ಬಂದ 350ರದ್ದು 5.7 ಲೀಟರ್. ಬಿಡಿಭಾಗಗಳು ಎಲ್ಲೆಂದರಲ್ಲಿ ಸಿಗುತ್ತವೆ. ಆದರೆ ಎಂಜಿನ್ ಕೂರಿಸಿದ ಮೇಲೆ ಎಷ್ಟೋ ಜನರ ದೂರು ಒಂದೇ: ಗಾಡಿ ಹೀಟ್ ಆಗ್ತಿದೆ.

ತಕ್ಷಣ ಸಿಗುವ ಸಲಹೆ, ದೊಡ್ಡ ಅಲ್ಯೂಮಿನಿಯಂ ರೇಡಿಯೇಟರ್ ಹಾಕಿಸಿ ಅಂತ. ಅದಕ್ಕೆ ದುಡ್ಡು ಸುರಿಯುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಬಿಸಿಯಾಗುವುದು ಸಿಗ್ನಲ್ಲಿನಲ್ಲಿ ನಿಂತಾಗಲೋ, ಹೈವೇಯಲ್ಲಿ ಓಡುವಾಗಲೋ?

ಪೆಟ್ರೋಲ್ ಉರಿದಾಗ ಬರುವ ಶಾಖದಲ್ಲಿ ಹೆಚ್ಚೆಂದರೆ ಮೂರನೇ ಒಂದು ಪಾಲು ಗಾಡಿ ಓಡಿಸುವ ಕೆಲಸಕ್ಕೆ ಸಿಗುತ್ತದೆ. ಹೆಚ್ಚುಕಮ್ಮಿ ಅಷ್ಟೇ ಶಾಖ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ, ಉಳಿದದ್ದರಲ್ಲಿ ಬಹುಪಾಲು ಎಂಜಿನ್ ತಣಿಸಲು ಸುತ್ತುವ ನೀರಿಗೆ, ಅಂದರೆ ಕೂಲೆಂಟಿಗೆ. ಆ ನೀರನ್ನು ಗಾಳಿಯಿಂದ ಆರಿಸುವುದು ರೇಡಿಯೇಟರ್. ಇಲ್ಲೊಂದು ಸಂಗತಿಯನ್ನು ಜನ ಗಮನಿಸುವುದೇ ಇಲ್ಲ. ಅದೇ ಟ್ರಕ್ಕು ಅದೇ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ಓಡಲು ಬೇಕಾದ ಶಕ್ತಿ ಬದಲಾಗುವುದಿಲ್ಲ, ಎಂಜಿನ್ ಯಾವುದಾದರೂ ಇರಲಿ. ಹಾಗಾಗಿ ಶಾಖವೂ ವಿಪರೀತ ಹೆಚ್ಚಬೇಕಿಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿ ಏರು ಹತ್ತಿಸಿದರೆ ಮಾತು ಬೇರೆ. ಮಾಮೂಲಿ ಓಡಾಟದಲ್ಲೇ ಕಾಯುತ್ತಿದೆ ಅಂದರೆ, ರೇಡಿಯೇಟರ್ ಚಿಕ್ಕದು ಅನ್ನುವುದಕ್ಕಿಂತ ಜೋಡಣೆಯಲ್ಲೇ ಏನೋ ತಪ್ಪಿರುವ ಸಾಧ್ಯತೆ ಜಾಸ್ತಿ.

ನಿಂತಾಗ ಬಿಸಿಯಾಗಿ, ಓಡುವಾಗ ಇಳಿದರೆ ಗಾಳಿಯ ಕಡೆ ನೋಡಿ. ಹಳೆ ಎಂಜಿನ್ ಉದ್ದ, ವಿ8 ಗಿಡ್ಡ. ಅದನ್ನು ಹಿಂದಕ್ಕೆ ಕೂರಿಸಿದಾಗ ಫ್ಯಾನು ರೇಡಿಯೇಟರಿನಿಂದ ದೂರ ಉಳಿದುಬಿಡುತ್ತದೆ. ಆಗ ಅದು ಹೊರಗಿನ ತಂಪು ಗಾಳಿ ಎಳೆಯುವ ಬದಲು ಬಾನೆಟ್ಟಿನ ಒಳಗಿನ ಬಿಸಿ ಗಾಳಿಯನ್ನೇ ಸುತ್ತಿಸುತ್ತಿರುತ್ತದೆ. ಪರೀಕ್ಷೆ ಸುಲಭ. ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ರೇಡಿಯೇಟರಿನ ಮುಂದೆ ಒಂದು ಹಾಳೆ ಹಿಡಿಯಿರಿ. ಅದು ಎಳೆದುಕೊಂಡು ಅಂಟಿ ನಿಲ್ಲಬೇಕು. ಜಾರಿ ಬಿದ್ದರೆ ಗಾಳಿ ಸಾಲುತ್ತಿಲ್ಲ. ಫ್ಯಾನಿನ ಸುತ್ತ ಶ್ರೌಡ್, ಅಂದರೆ ಗಾಳಿಯನ್ನು ರೇಡಿಯೇಟರಿನ ಮೂಲಕವೇ ಎಳೆಯುವಂತೆ ಮಾಡುವ ಕವಚ, ಕಟ್ಟಬೇಕು. ರೆಕ್ಕೆಗಳು ಅರ್ಧ ಅದರ ಒಳಗೆ, ಅರ್ಧ ಹೊರಗೆ ಇರಬೇಕು. ಎಷ್ಟೋ ಟ್ರಕ್ಕುಗಳ ತೊಂದರೆ ಇಷ್ಟಕ್ಕೇ ಮುಗಿಯುತ್ತದೆ.

ನಿಂತಾಗಿನ ಬಿಸಿಗೆ ಸ್ಪಾರ್ಕ್ ಟೈಮಿಂಗ್, ಅಂದರೆ ಪೆಟ್ರೋಲ್ ಹೊತ್ತಿಸುವ ಕಿಡಿ ಹಾರುವ ಹೊತ್ತು, ಕೂಡ ಕಾರಣ ಆಗಬಹುದು. ಕಿಡಿ ತಡವಾಗಿ ಹಾರಿದರೆ, ಉರಿದ ಅನಿಲ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ತೆರೆದಾಗಲೂ ಅನಿಲ ಇನ್ನೂ ಜಾಸ್ತಿ ಬಿಸಿಯಾಗಿರುತ್ತದೆ. ಅದು ಹೊರಹೋಗುವ ದಾರಿಯ ಗೋಡೆಗಳ ಸುತ್ತ ಇರುವುದೂ ಅದೇ ಕೂಲೆಂಟು, ಆ ಶಾಖವೂ ಅದಕ್ಕೇ ಸೇರುತ್ತದೆ.

ಹೈವೇಯಲ್ಲಿ ಬಿಸಿಯಾದರೆ ನೀರಿನ ಕಡೆ ನೋಡಬೇಕು. ಎಂಜಿನ್ ಬದಲಿಸಿದವರು ಇಲ್ಲಿ ಎಡವುವ ಜಾಗ ವಾಟರ್ ಪಂಪು. ಹಳೆಯ ವಿ-ಬೆಲ್ಟಿನ 350ರಲ್ಲಿ ಪಂಪು ಒಂದು ದಿಕ್ಕಿಗೆ ತಿರುಗುತ್ತದೆ. ನಂತರದ ಅಗಲ ಪಟ್ಟಿ ಬೆಲ್ಟಿನ ಎಂಜಿನ್‌ಗಳಲ್ಲಿ ಅದು ಉಲ್ಟಾ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ, ಬೋಲ್ಟು ಕೂಡ ಸರಿಯಾಗಿ ಕೂರುತ್ತವೆ. ಒಂದರ ಪಂಪು ಇನ್ನೊಂದಕ್ಕೆ ಹಾಕಿದರೆ ನೀರು ಹಿಂದಕ್ಕೇನೂ ಹರಿಯುವುದಿಲ್ಲ, ಅದೇ ದಿಕ್ಕಿಗೇ ಹರಿಯುತ್ತದೆ, ಆದರೆ ಬಹಳ ಕಮ್ಮಿ. ರೆಕ್ಕೆಯ ಬಾಗು ತಪ್ಪು ದಿಕ್ಕಿಗಿರುತ್ತದಲ್ಲ, ಅದಕ್ಕೆ. ಇನ್ಫ್ರಾರೆಡ್ ಥರ್ಮಾಮೀಟರಿನಲ್ಲಿ ರೇಡಿಯೇಟರಿನ ಮೇಲಿನ ಮತ್ತು ಕೆಳಗಿನ ಹೋಸ್‌ಗಳನ್ನು ಅಳೆದರೆ ಸುಳಿವು ಸಿಗುತ್ತದೆ. ಎಂಜಿನ್ ಕಾದಿದ್ದು ಎರಡರ ನಡುವೆ ವ್ಯತ್ಯಾಸ ತೀರಾ ಕಮ್ಮಿ ಇದ್ದರೆ ರೇಡಿಯೇಟರ್ ಶಾಖ ಬಿಡುತ್ತಿಲ್ಲ. ತೀರಾ ಜಾಸ್ತಿ ಇದ್ದರೆ ನೀರು ನಿಧಾನವಾಗಿ ಹರಿಯುತ್ತಿದೆ.

ನೀರು ಬೇಗ ಹರಿದರೆ ತಣ್ಣಗಾಗಲು ಸಮಯ ಸಿಗಲ್ಲ, ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ತೆರೆದು ಮುಚ್ಚಿ ನೀರಿನ ಹರಿವು ನಿಯಂತ್ರಿಸುವ ವಾಲ್ವ್) ತೆಗೆದಿದ್ದಕ್ಕೇ ಹೀಟ್ ಆಗಿದ್ದು ಅನ್ನುವ ಮಾತೊಂದಿದೆ. ಇದು ತಪ್ಪು. ಬೇಗ ಹರಿದಷ್ಟೂ ಶಾಖ ಚೆನ್ನಾಗಿ ದಾಟುತ್ತದೆ. ಆದರೂ ಥರ್ಮೋಸ್ಟಾಟ್ ತೆಗೆಯಬಾರದು. ಅದು ಹರಿವಿಗೆ ತಡೆಯಾಗಿ ಎಂಜಿನ್ ಒಳಗೆ ಒತ್ತಡ ಉಳಿಸುತ್ತದೆ. ಒತ್ತಡ ಇಳಿದರೆ ತೀರಾ ಬಿಸಿಯಾದ ಲೋಹಕ್ಕೆ ಉಗಿಯ ಪದರ ಅಂಟಿಕೊಳ್ಳುತ್ತದೆ. ಕಾದ ಹೆಂಚಿನ ಮೇಲೆ ನೀರಿನ ಹನಿ ಆರದೆ ಓಡಾಡುತ್ತದಲ್ಲ, ಹಾಗೇ ಇಲ್ಲೂ ನೀರು ಲೋಹವನ್ನು ಮುಟ್ಟುವುದಿಲ್ಲ. ಶಾಖ ಅಲ್ಲೇ ಉಳಿಯುತ್ತದೆ. ರೇಡಿಯೇಟರ್ ಕ್ಯಾಪಿನ ಕೆಲಸವೂ ಹೀಗೆ ಒತ್ತಡ ಉಳಿಸುವುದೇ. 15 ಪಿಎಸ್‌ಐ (ಒತ್ತಡದ ಅಳತೆ, ಚದರ ಇಂಚಿಗೆ ಪೌಂಡ್) ಕ್ಯಾಪು ಬರೀ ನೀರು ಕುದಿಯುವ ಮಟ್ಟವನ್ನು 100ರಿಂದ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗೆ ಏರಿಸುತ್ತದೆ. ಆದರೆ ಕಡಿಮೆ ಒತ್ತಡಕ್ಕೆಂದೇ ಮಾಡಿದ ಹಳೆ ರೇಡಿಯೇಟರಿಗೆ ಅದನ್ನು ಹಾಕಿದರೆ ಬೆಸುಗೆ ಬಿಟ್ಟೀತು.

ಉಗಿಯ ಕಾಟ ಇನ್ನೊಂದು ಕಡೆಯಿಂದಲೂ ಬರುತ್ತದೆ. ಕೆಲವರು 350ರ ಬದಲು ಅದೇ ಕುಟುಂಬದ 400 ಎಂಜಿನ್ ಕೂರಿಸುತ್ತಾರೆ. ಅದರಲ್ಲಿ ಸಿಲಿಂಡರ್‌ಗಳು ಒಂದಕ್ಕೊಂದು ಅಂಟಿಕೊಂಡಿವೆ, ನಡುವೆ ನೀರಿಗೆ ದಾರಿಯಿಲ್ಲ. ಅಲ್ಲಿ ಸೇರುವ ಉಗಿ ಹೊರಬರಲಿ ಅಂತ ಹೆಡ್ಡುಗಳಲ್ಲಿ, ಅಂದರೆ ಸಿಲಿಂಡರ್‌ಗಳ ಮೇಲೆ ಕೂರುವ ಮುಚ್ಚಳಗಳಲ್ಲಿ, ಸಣ್ಣ ತೂತುಗಳಿರುತ್ತವೆ. 350ರ ಹೆಡ್ಡಿನಲ್ಲಿ ಅವು ಇರುವುದಿಲ್ಲ. ಆ ಹೆಡ್ಡನ್ನು ಹಾಗೇ ತಂದು 400ರ ಮೇಲೆ ಕೂರಿಸಿದರೆ ಉಗಿ ಒಳಗೇ ಸಿಕ್ಕಿಕೊಳ್ಳುತ್ತದೆ, ರೇಡಿಯೇಟರ್ ಎಷ್ಟು ದೊಡ್ಡದಿದ್ದರೂ ಅದನ್ನು ಬಿಡಿಸಲಾಗದು. ಹೆಡ್ ಬಿಚ್ಚಿ, ಅದರ ಅಡಿಗೆ ಹಾಕುವ 400ರ ಗ್ಯಾಸ್ಕೆಟ್ಟನ್ನೇ (ಸೋರದಂತೆ ತಡೆಯುವ ಹಾಳೆ) ಅಳತೆಗೆ ಇಟ್ಟು ತೂತು ಕೊರೆಸಬೇಕು.