ಪದ ಪರಿಚಯ: ಮನೋನಕ್ಷೆ

ಕರಾವಳಿಯಲ್ಲಿ ಬೆಳೆದವರು ದಿಕ್ಕನ್ನು ಯಾರಲ್ಲೂ ಕೇಳುವುದಿಲ್ಲ. ಕಡಲಿದ್ದ ಕಡೆ ಪಡುವಣ, ಘಟ್ಟವಿದ್ದ ಕಡೆ ಮೂಡಣ. ಕುಮಟಾದಿಂದ ಕಾರವಾರಕ್ಕೆ ಹೊರಟರೆ ಸಮುದ್ರ ಎಡಗೈಗೆ, ತಿರುಗಿ ಬರುವಾಗ ಬಲಗೈಗೆ. ಓದಲೆಂದು ಶಿರಸಿಗೆ ಹೋದಾಗ ನನ್ನ ಈ ಲೆಕ್ಕ ಕೈಕೊಟ್ಟಿತು. ಬಸ್ ಸ್ಟ್ಯಾಂಡಿನಿಂದ ಮಾರಿಗುಡಿಗೆ ಹೋಗುವ ದಾರಿಯನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಒಂದು ತಿರುವು ತಪ್ಪಿದರೆ ಮತ್ತೆ ಬಸ್ ಸ್ಟ್ಯಾಂಡಿಗೇ ಬಂದು ಮೊದಲಿನಿಂದ ಶುರು. ಎರಡು ತಿಂಗಳಾದ ಮೇಲೆ ಒಂದು ಸಂಜೆ, ಎಂದೂ ಕಾಲಿಡದ ಓಣಿಯಲ್ಲಿ ನಿಂತಿದ್ದಾಗ, ಮಾರಿಗುಡಿ ಈ ಮನೆಗಳ ಹಿಂದೆ ಇರಬೇಕು ಎಂದು ತಾನಾಗಿ ಹೊಳೆಯಿತು. ಇತ್ತು ಕೂಡ. ಅಷ್ಟು ದಿನಗಳಲ್ಲಿ ತಲೆಯೊಳಗೆ ಸದ್ದಿಲ್ಲದೆ ಕಟ್ಟಿಕೊಂಡದ್ದನ್ನೇ ಮನೋನಕ್ಷೆ ಎನ್ನುತ್ತಾರೆ.

ದಾರಿ ಗೊತ್ತಿರುವುದು ಬೇರೆ, ಜಾಗ ಗೊತ್ತಿರುವುದು ಬೇರೆ. ದಾರಿಯೆಂದರೆ ತಿರುವುಗಳ ಸಾಲು. ಮನೋನಕ್ಷೆಯಲ್ಲಿ ಇರುವುದು ಯಾವ ಜಾಗ ಯಾವುದರ ಆಚೆ, ಯಾವುದು ಯಾವುದಕ್ಕೆ ಹತ್ತಿರ ಎಂಬ ಸಂಬಂಧ. ದಾರಿ ಸಲೀಸಾಗಿರುವಷ್ಟು ದಿನ ಎರಡಕ್ಕೂ ವ್ಯತ್ಯಾಸ ಕಾಣದು. ಮಳೆಗಾಲದಲ್ಲಿ ದೇವಿಮನೆ ಘಟ್ಟದಲ್ಲಿ ಗುಡ್ಡ ಕುಸಿದು ಶಿರಸಿ–ಕುಮಟಾ ರಸ್ತೆ ಬಂದಾಯಿತು ಅನ್ನಿ. ಸಿದ್ದಾಪುರಕ್ಕೆ ಹೋಗಿ ಇಳಿಯುವುದೋ, ಯಲ್ಲಾಪುರ ಸುತ್ತಿ ಅರಬೈಲು ಘಟ್ಟ ಇಳಿದು ಅಂಕೋಲೆ ಸೇರುವುದೋ ಎಂದು ನಿಂತಲ್ಲೇ ಯೋಚಿಸಬಲ್ಲವನ ತಲೆಯಲ್ಲಿ ನಕ್ಷೆ ಇದೆ.

ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟೋಲ್ಮನ್ ಇಲಿಗಳಿಗೆ ಒಡ್ಡಿದ ಪರೀಕ್ಷೆಯೂ ಇಂಥದ್ದೇ. ಸುತ್ತುಬಳಸಿನ ಒಂದೇ ದಾರಿಯಲ್ಲಿ ಹೋಗಿ ತಿನಿಸು ತಲುಪುವುದನ್ನು ಇಲಿಗಳಿಗೆ ರೂಢಿ ಮಾಡಿಸಿ, ಆಮೇಲೆ ಆ ದಾರಿ ಮುಚ್ಚಿ, ಸೂರ್ಯನ ಕಿರಣಗಳಂತೆ ಹರಡಿದ ಹಲವು ಹೊಸ ದಾರಿಗಳನ್ನು ತೆರೆದಿಟ್ಟರು. ಎಲ್ಲಕ್ಕಿಂತ ಹೆಚ್ಚು ಇಲಿಗಳು ಹಿಡಿದದ್ದು ತಿನಿಸಿದ್ದ ಕಡೆಗೇ ನೇರವಾಗಿ ಹೋಗುವ ದಾರಿಯನ್ನು. ತಿನಿಸಿನ ಬಳಿ ದೀಪವೊಂದು ಉರಿಯುತ್ತಿತ್ತು, ಇಲಿಗಳು ಅದನ್ನೇ ಗುರಿ ಇಟ್ಟುಕೊಂಡಿರಬಹುದು ಎಂಬ ಆಕ್ಷೇಪ ಆಮೇಲೆ ಬಂತು; ಆಕ್ಷೇಪ ನ್ಯಾಯವಾದದ್ದೇ. ಆದರೂ 1948ರ ಲೇಖನದಲ್ಲಿ ಅವರು ಬಳಸಿದ ಮನೋನಕ್ಷೆ ಎಂಬ ಕಲ್ಪನೆ ಉಳಿಯಿತು.

ನಕ್ಷೆಗೆ ಮಿದುಳಿನಲ್ಲಿ ನೆಲೆ ಸಿಕ್ಕಿದ್ದು 1971ರಲ್ಲಿ. ಇಲಿಯ ಹಿಪೊಕ್ಯಾಂಪಸ್‌ನಲ್ಲಿ ಕೆಲವು ನರಕೋಶಗಳು ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಮಿಡಿಯುತ್ತವೆ ಎಂದು ಜಾನ್ ಓಕೀಫ್ ಲಂಡನ್ನಿನಲ್ಲಿ ಕಂಡರು. (ಹಿಪೊಕ್ಯಾಂಪಸ್ ಎಂಬುದು ಗ್ರೀಕರು ಕಡಲ್ಗುದುರೆಗೆ ಇಟ್ಟ ಹೆಸರು; ಮಿದುಳಿನ ಆ ಭಾಗದ ಆಕಾರವೂ ಹಾಗೇ ಇದೆ.) 2005ರಲ್ಲಿ ನಾರ್ವೆಯ ಮೇ-ಬ್ರಿಟ್ ಮತ್ತು ಎಡ್ವರ್ಡ್ ಮೋಸರ್ ಅವರ ತಂಡ, ಪಕ್ಕದ ಭಾಗದಲ್ಲಿ ಇಡೀ ನೆಲಕ್ಕೆ ಜೇನುಹುಟ್ಟಿನಂಥ ಆರು ಮೂಲೆಯ ಅಳತೆ ಹಾಸುವ ಕೋಶಗಳನ್ನು ಗುರುತಿಸಿತು. 2014ರ ನೊಬೆಲ್ ಈ ಮೂವರಿಗೆ ಸಂದಿತು.

ಹಾಗೆಂದು ದಾರಿ ಕಂಡುಕೊಳ್ಳುವ ಜೀವಿಗಳಿಗೆಲ್ಲ ಮನೋನಕ್ಷೆ ಇದೆ ಎನ್ನಲಾಗದು. ಮರುಭೂಮಿಯ ಒಂದು ಜಾತಿಯ ಇರುವೆ ಗೂಡಿನಿಂದ ಎಷ್ಟು ಹೆಜ್ಜೆ, ಯಾವ ಕಡೆ ಬಂದೆ ಎಂಬ ಲೆಕ್ಕ ಇಟ್ಟುಕೊಂಡು ಮರಳುತ್ತದೆ. ತಿನಿಸು ಸಿಕ್ಕ ಮೇಲೆ ಅದರ ಕಾಲಿಗೆ ಕಡ್ಡಿ ಅಂಟಿಸಿ ಉದ್ದ ಮಾಡಿದಾಗ ಗೂಡು ದಾಟಿ ಮುಂದೆ ಹೋಗಿಬಿಟ್ಟಿತು. ನಮ್ಮ ಹೊನ್ನಾವರದ ಕಾಸರಕೋಡಿನ ಮರಳಿನಿಂದ ಹೊರಬರುವ ಕಡಲಾಮೆ ಮರಿಗಳಿಗೆ ಇಷ್ಟೂ ಲೆಕ್ಕವಿಲ್ಲ. ಬೆಳಕು ಹೆಚ್ಚಿರುವ ದಿಗಂತದ ಕಡೆ ತೆವಳುತ್ತವೆ. ದಂಡೆಯ ಮೇಲೆ ದೀಪವಿದ್ದರೆ ಊರ ಕಡೆಗೇ ಬರುತ್ತವೆ ಪಾಪ.

ಮನುಷ್ಯನ ಮನೋನಕ್ಷೆ ಎಷ್ಟು ನವುರಾಗಿರಬಲ್ಲದು ಎಂದು ನನಗೆ ತೋರಿಸಿದ್ದು ತದಡಿಯ ಒಬ್ಬ ಹಿರಿಯ ಮೀನುಗಾರರು. ನೀರಡಿಯ ಕಲ್ಲುಗಳ ಬಳಿ ಒಳ್ಳೆಯ ಮೀನು ಇರುತ್ತದೆ, ಬಲೆ ಹರಿಯುವುದೂ ಅಲ್ಲೇ. ಮೇಲಿನಿಂದ ನೋಡಿದರೆ ಎಲ್ಲೆಡೆ ಒಂದೇ ನೀರು. ದೋಣಿ ಮುಂದೆ ಸರಿದಂತೆ ದಂಡೆಯ ತೆಂಗಿನ ತೋಪು ಹಿಂದಿನ ಘಟ್ಟದ ಎದುರು ಮೆಲ್ಲಗೆ ಜರುಗುತ್ತಿತ್ತು.

"ತಮಾ, ಆ ತೋಪಿನ ಕೊನೆ ಮರ ನೋಡು. ಘಟ್ಟದ ತಗ್ಗಿಗೆ ಬಂದು ಕೂರಬೇಕು."

ಕೂತಿತು. ಈಗ ಅವರು ತೆಂಕಲಿಗೆ ಹೊರಳಿದರು. ಅಲ್ಲಿ ಒಂದು ಗುಡ್ಡದ ಮೂಗಿನ ಹಿಂದೆ ಇನ್ನೊಂದು ಗುಡ್ಡ ಅಡಗಿತ್ತು. ಮರ ತಗ್ಗಿನಿಂದ ಅಲುಗದಂತೆ ನೋಡಿಕೊಳ್ಳುತ್ತ ದೋಣಿಯನ್ನು ಇನ್ನೂ ಪಡುವಣಕ್ಕೆ ಬಿಟ್ಟರು. ಹಿಂದಿನ ಗುಡ್ಡದ ತುದಿ ಒಂದು ಬೆರಳಷ್ಟು ಹೊರಗೆ ಇಣುಕಿತು. ಇಂಜಿನ್ ಬಂದ್ ಮಾಡಿ, ಸೀಸದ ಗುಂಡು ಕಟ್ಟಿದ ದಾರವನ್ನು ನನ್ನ ಕೈಗೆ ಕೊಟ್ಟು ಬಿಡಲು ಹೇಳಿದರು. ದಾರ ಇಳಿಯುತ್ತ ಹೋಗಿ, ಗುಂಡು ಕಲ್ಲಿಗೆ ಟಕ್ಕೆಂದು ತಾಗಿದ್ದು ನನ್ನ ಬೆರಳಿಗೂ ತಿಳಿಯಿತು.