ಸೋರಿಯಾಸಿಸ್‌ಗೆ ಶುಗರ್ ಮಾತ್ರೆ: ಒಂದು ಹಳೆಯ ಅನುಮಾನ

ಸೋರಿಯಾಸಿಸ್ ಔಷಧಿಗಳ ಚರಿತ್ರೆಯೇ ಹೀಗೆ: ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು. 1951ರಲ್ಲಿ ಸಂಧಿವಾತಕ್ಕೆಂದು ಅಮೈನೊಪ್ಟೆರಿನ್ ಕೊಟ್ಟು ನೋಡುತ್ತಿದ್ದಾಗ ರೋಗಿಯ ಸೋರಿಯಾಸಿಸ್ ಇಳಿಯಿತು. ಅದೇ ಜಾತಿಯ ಮೆಥೊಟ್ರೆಕ್ಸೇಟನ್ನು ಚರ್ಮದ ಡಾಕ್ಟರುಗಳು ಈಗಲೂ ಬರೆಯುತ್ತಾರೆ.

ಶುಗರ್ ಮಾತ್ರೆಯದೂ ಇಂಥದೇ ಕಥೆ. 1997ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಟ್ರೊಗ್ಲಿಟಜೋನ್ ಎಂಬ ಮಧುಮೇಹದ ಮಾತ್ರೆ ನುಂಗಿದ ಕೆಲವರ ಚರ್ಮವೂ ಸುಧಾರಿಸಿತು. ಆರೋಗ್ಯವಂತ ಚರ್ಮದ ಜೀವಕೋಶ ಮೇಲಕ್ಕೆ ಬಂದು ಉದುರಲು ಸುಮಾರು ಒಂದು ತಿಂಗಳು ಬೇಕು; ಸೋರಿಯಾಸಿಸ್‌ನಲ್ಲಿ ವಾರದೊಳಗೇ ಬಂದು ಹೊಟ್ಟಾಗಿ ಗುಡ್ಡೆ ಬೀಳುತ್ತದೆ. ಈ ಓಟಕ್ಕೆ ಮಾತ್ರೆ ಕಡಿವಾಣ ಹಾಕುತ್ತದೆಂದು ಮಿಷಿಗನ್ ವಿಶ್ವವಿದ್ಯಾಲಯದ ತಂಡ 2000ದಲ್ಲಿ ತೋರಿಸಿತು. ಅದೇ ವರ್ಷ, ಲಿವರ್ ಕೆಡಿಸುತ್ತದೆಂದು ಮಾತ್ರೆಯೇ ಮಾರುಕಟ್ಟೆಯಿಂದ ಹೊರಬಿತ್ತು! ಅದರ ದಾಯಾದಿ ರೋಸಿಗ್ಲಿಟಜೋನನ್ನು ಎರಡು ದೊಡ್ಡ ಪ್ರಯೋಗಗಳಲ್ಲಿ ಒರೆಗೆ ಹಚ್ಚಿದರು. ಅದು ಔಷಧವೇ ಇಲ್ಲದ ಹುಸಿ ಮಾತ್ರೆಯನ್ನು ಮೀರಿಸಲಿಲ್ಲ.

ಅಷ್ಟಕ್ಕೇ ಕೈಬಿಡದಿದ್ದವರು ಚಂಡೀಗಢದ ಪಿಜಿಐ ಆಸ್ಪತ್ರೆಯ ವೈದ್ಯರು. 70 ರೋಗಿಗಳ ಮೇಲೆ ಅದೇ ಬಳಗದ ಪಿಯೊಗ್ಲಿಟಜೋನ್ ಪರೀಕ್ಷಿಸಿ, 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಇಂಥ ಪರೀಕ್ಷೆಯಲ್ಲಿ ಅಳತೆಗೋಲು ವೈದ್ಯರ ಕಣ್ಣೇ. ತಲೆ, ಕೈ, ಮುಂಡ, ಕಾಲು ಬೇರೆಬೇರೆ ನೋಡಿ, ಕೆಂಪೆಷ್ಟು, ದಪ್ಪವೆಷ್ಟು, ಹೊಟ್ಟು ಎಷ್ಟು ಎಂದು 0ರಿಂದ 4ರವರೆಗೆ ಅಂಕ ಹಾಕುತ್ತಾರೆ. ಕಲೆ ಎಷ್ಟಗಲ ಹರಡಿದೆ ಎಂಬುದಕ್ಕೆ ರೋಗಿಯ ಅಂಗೈಯೇ ಲೆಕ್ಕ, ಬೆರಳೂ ಸೇರಿ ಒಂದು ಅಂಗೈ ಎಂದರೆ ಮೈಯ ಸುಮಾರು ಶೇ 1. ಎಲ್ಲ ಸೇರಿ ಗರಿಷ್ಠ 72. ದಿನಕ್ಕೆ 30 ಮಿಲಿಗ್ರಾಂ ತೆಗೆದುಕೊಂಡವರ ಅಂಕ ಶೇ 47ರಷ್ಟು ಇಳಿಯಿತು. ಹುಸಿ ಮಾತ್ರೆಯವರದೂ ಶೇ 21ರಷ್ಟು ಇಳಿಯಿತೆನ್ನಿ. ತಾನಾಗಿಯೇ ಏರಿಳಿಯುವ ಕಾಯಿಲೆಯಲ್ಲಿ ಯಾವುದು ಔಷಧದ ಗುಣ ಎಂದು ಹೇಳುವುದು ಅಷ್ಟು ಸುಲಭವಲ್ಲ. ಜೀವಕೋಶಗಳಿಂದ ತಯಾರಿಸುವ ದುಬಾರಿ ಬಯೊಲಾಜಿಕ್ ಇಂಜೆಕ್ಷನ್ ಕೈಗೆಟುಕದ ದೇಶದಲ್ಲಿ ಅಗ್ಗದ ಮಾತ್ರೆಯೊಂದರ ಬೆನ್ನು ಹತ್ತಿದ್ದು ನನಗಂತೂ ಸರಿಯೆನ್ನಿಸುತ್ತದೆ. ಆದರೆ ಇದಕ್ಕೂ ಮೂತ್ರಕೋಶದ ಕ್ಯಾನ್ಸರ್‌ನ ಶಂಕೆ ಅಂಟಿಕೊಂಡಿತು. 2013ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಮಾರಾಟ ನಿಲ್ಲಿಸಿ, ಮರುತಿಂಗಳೇ ಎಚ್ಚರಿಕೆ ಮುದ್ರಿಸಬೇಕೆಂಬ ಷರತ್ತಿನ ಮೇಲೆ ಬಿಟ್ಟಿತು.

ಅಷ್ಟರಲ್ಲಿ ಗಮನ ಶುಗರ್ ಮತ್ತು ತೂಕ ಇಳಿಸುವ ಜಿಎಲ್‌ಪಿ-1 ಇಂಜೆಕ್ಷನ್‌ಗಳತ್ತ ಹೊರಳಿತ್ತು. 2011ರಲ್ಲಿ ಡಬ್ಲಿನ್‌ನಿಂದ ಬಂದ ವರದಿಯಲ್ಲಿ ಇದ್ದವರು ಇಬ್ಬರೇ ರೋಗಿಗಳು, ಇಬ್ಬರಿಗೂ ಗುಣ ಕಂಡಿತ್ತು. ಡೆನ್ಮಾರ್ಕ್‌ನಲ್ಲಿ ಶುಗರ್ ಇಲ್ಲದ 20 ಮಂದಿ ಸ್ಥೂಲಕಾಯರ ಮೇಲೆ ಇದೇ ಜಾತಿಯ ಲಿರಾಗ್ಲುಟೈಡ್ ಪರೀಕ್ಷಿಸಿದಾಗ ಎಂಟು ವಾರದಲ್ಲಿ ತೂಕವೇನೋ ಇಳಿಯಿತು, ಚರ್ಮದ ಕಾಯಿಲೆ ಮಾತ್ರ ಜಗ್ಗಲಿಲ್ಲ. ಈಚೆಗೆ ಲಿಲ್ಲಿ ಕಂಪನಿ ಪ್ರಶ್ನೆಯನ್ನೇ ಬದಲಿಸಿಕೊಂಡಿತು: ತೂಕ ಹೆಚ್ಚಿರುವ ರೋಗಿಗಳಿಗೆ ತನ್ನ ಸೋರಿಯಾಸಿಸ್ ಇಂಜೆಕ್ಷನ್ ಇಕ್ಸೆಕಿಝುಮಾಬ್ ಒಂದನ್ನೇ ಕೊಟ್ಟರೆ ಎಷ್ಟು, ಜೊತೆಗೆ ತೂಕ ಇಳಿಸುವ ಟಿರ್ಜೆಪಟೈಡ್ ಸೇರಿಸಿದರೆ ಎಷ್ಟು ಎಂದು ಹೋಲಿಸಿ ನೋಡುವ ಪ್ರಯೋಗಕ್ಕೆ ಇಳಿಯಿತು.